ಜಾಲಿ ಬೇರು ಮತ್ತು ಎರಡು ಹೌದ

ನನ್ನ ಗಂಡನಿಗೆ ಲಕ್ವಾ ಹೊಡೆದ ಮೇಲೆ ನಮ್ಮ ಮನೆಯಲ್ಲಿ ಜಗಳ ನಿಂತುಹೋಯಿತು. ಇದನ್ನು ಒಳ್ಳೆಯ ಸುದ್ದಿ ಎಂದು ಯಾರೂ ತಿಳಿಯಬಾರದು. ಇಪ್ಪತ್ತೇಳು ವರ್ಷ ನಾವಿಬ್ಬರೂ ಬಸವಕಲ್ಯಾಣದ ಪೇಟೆಯ ಒಂದೇ ಅಂಗಡಿಯಲ್ಲಿ ಎದುರುಬದುರು ಕೂತು ಕೆಲಸ ಮಾಡಿದವರು. ಅವರು ಬ್ಲೌಸ್ ಹೊಲಿಯುತ್ತಿದ್ದರು. ನಾನು ಹುಕ್ಕು ಹಚ್ಚುತ್ತಿದ್ದೆ, ಸೀರೆಗೆ ಫಾಲ್ ಕೂಡಿಸುತ್ತಿದ್ದೆ. ನನ್ನ ಹೊಲಿಗೆ ಅವರಿಗೆ ಒಂದು ದಿನವೂ ಸರಿಬಂದದ್ದಿಲ್ಲ. ಗಿರಾಕಿಗಳ ಮುಂದೆಯೇ ಬಿಚ್ಚಿ ನನ್ನ ಮಡಿಲಿಗೆ ಎಸೆಯುತ್ತಿದ್ದರು. ನನಗೂ ಮೂಗಿನ ತುದಿಯಲ್ಲೇ ಕೋಪ. ನಾನು ಅದನ್ನು ಅವರ ಮಶೀನಿನ ಮೇಲೆ ವಾಪಸ್ ಎಸೆಯುತ್ತಿದ್ದೆ. ಬ್ಲೌಸ್ ಒಯ್ಯಲು ಬಂದ ಹೆಂಗಸರು ನಮ್ಮ ಜಗಳ ಮುಗಿಯುವ ತನಕ ಬೆಂಚಿನ ಮೇಲೆ ಕೂತು ನೋಡಿ, ನಗುತ್ತಾ ಹೋಗುತ್ತಿದ್ದರು.

ಪಂಚಮಿ ಹಬ್ಬಕ್ಕೆ ಎಂಟು ದಿನ ಇರುವಾಗ, ಹೊಲಿಯಬೇಕಾದ ಬಟ್ಟೆ ಅಂಗಡಿ ತುಂಬ ಬಿದ್ದಿರುವಾಗ, ಅವರ ಕೈಯಿಂದ ಕತ್ತರಿ ಜಾರಿತು. ಎತ್ತಿಕೊಳ್ಳಲು ಬಗ್ಗಿದವರು ಮೇಲೇಳಲಿಲ್ಲ.

ಆಸ್ಪತ್ರೆಯಿಂದ ಮನೆಗೆ ಬಂದಾಗ ಕಾಲು ಎಳೆದುಕೊಂಡು ನಡೆಯುತ್ತಿದ್ದರು. ಮಾತು ತೊದಲುತ್ತಿತ್ತು. ಬಲಗೈಯ ಬೆರಳು ಮಡಚಿದರೆ ಬಿಚ್ಚುತ್ತಿರಲಿಲ್ಲ, ಹೆಬ್ಬೆರಳಿಗೆ ಒಂದು ಗುಂಡಿ ಹಿಡಿಯುವಷ್ಟೂ ಶಕ್ತಿ ಇರಲಿಲ್ಲ. ಅದಕ್ಕಿಂತ ನನ್ನನ್ನು ಹೆದರಿಸಿದ್ದು ಅವರ ಸ್ವಭಾವ. ಸಾರಿಗೆ ಉಪ್ಪು ಮರೆತು ಬಡಿಸಿದರೂ ಸುಮ್ಮನೆ ಉಣ್ಣುತ್ತಿದ್ದರು. ಏನು ಕೇಳಿದರೂ ‘ಹೂಂ’ ಎನ್ನುತ್ತಿದ್ದರು. ಹೊರಗಿನವರು ಬಂದು ‘ಎಷ್ಟು ಶಾಂತ ಆಗ್ಯಾರ ನೋಡ್ರಿ’ ಎಂದು ಮೆಚ್ಚಿಕೊಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ನನಗೆ ಬೇಕಾದದ್ದು ಶಾಂತ ಮನುಷ್ಯನಲ್ಲ. ನನ್ನ ಹೊಲಿಗೆ ಬಿಚ್ಚಿ ಎಸೆಯುವ ಆ ಮನುಷ್ಯ ನನಗೆ ವಾಪಸ್ ಬೇಕಿತ್ತು.

ಹತ್ತು ದಿನಕ್ಕೊಮ್ಮೆ ಕೈಕಾಲಿನ ವ್ಯಾಯಾಮಕ್ಕೆಂದು ಹುಮನಾಬಾದಿಗೆ ಕರೆದುಕೊಂಡು ಹೋಗುತ್ತಿದ್ದೆ. ಅಲ್ಲಿಯ ಡಾಕ್ಟರಮ್ಮ ‘ಬೆರಳಿಗೆ ಸಣ್ಣ ಸಣ್ಣ ಕೆಲಸ ಕೊಡ್ರಿ’ ಎಂದಿದ್ದರು. ತೊಗರಿಬೇಳೆಯ ತಟ್ಟೆ ಮುಂದಿಟ್ಟು ಹರಳು ಆರಿಸಲು ಹೇಳಿದೆ. ಎರಡು ದಿನ ಆರಿಸಿದರು, ಮೂರನೆಯ ದಿನ ತಟ್ಟೆಯ ಮುಂದೆ ಸುಮ್ಮನೆ ಕೂತರು. ಕೀಲಿ ಹಾಕಿದ್ದ ಅಂಗಡಿಯಿಂದ ಗುಂಡಿಗಳ ಡಬ್ಬಿ ತಂದು ಕೊಟ್ಟೆ. ಅದು ನನ್ನ ದಡ್ಡತನ. ಗುಂಡಿ ನೋಡಿ ಅವರ ಕಣ್ಣಲ್ಲಿ ನೀರು ಬಂತು.

ಹುಮನಾಬಾದಿನ ಬಸ್‌ಸ್ಟ್ಯಾಂಡಿನ ಹತ್ತಿರ ಮೀನು, ಪಾರಿವಾಳ, ಲವ್‌ಬರ್ಡ್ಸ್ ಮಾರುವ ಒಂದು ಸಣ್ಣ ಅಂಗಡಿ ಇದೆ. ಮಾಲೀಕರು ವಯಸ್ಸಾದ ಸಾಹೇಬರು, ಬಿಳಿ ಗಡ್ಡ, ಕಿವಿ ಸ್ವಲ್ಪ ಮಂದ. ಒಂದು ಮಧ್ಯಾಹ್ನ ಬಸ್ಸಿಗೆ ಹೊತ್ತಿದೆಯೆಂದು ಅದರ ನೆರಳಲ್ಲಿ ನಿಂತಿದ್ದೆವು. ನನ್ನ ಗಂಡ ಗಾಜಿನ ಒಂದು ಪೆಟ್ಟಿಗೆಯನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಅದರಲ್ಲಿ ಒಂದೂ ಮೀನಿರಲಿಲ್ಲ, ನೀರಿನೊಳಗೆ ಬರೀ ಹಸಿರು ಗಿಡ. ಸಾಹೇಬರು ಅವರ ಮುಖ ನೋಡಿದರು, ಕೈ ನೋಡಿದರು, ನನ್ನನ್ನು ಏನೂ ಕೇಳದೆ ಒಳಗಿನಿಂದ ಒಂದು ಉದ್ದನೆಯ ಚಿಮಟ ತಂದು ಅವರ ಬಲಗೈಗೆ ಕೊಟ್ಟರು.

“ಇದರಿಂದ ಗಿಡಾ ಹಿಡದು ಉಸುಕಿನ್ಯಾಗ ಊರಬೇಕ್ರಿ. ಬೆರಳಿನ ಕೆಲಸ ಅದ. ಒಂದ ದಿನಕ್ಕ ಒಂದ ಗಿಡಾ ಸಾಕು. ಮೀನಿಗೆ ಅವಸರ ಬ್ಯಾಡ, ಮೊದಲ ಗಿಡಾ ಬೇರು ಬಿಡ್ಲಿ.”

ನಮ್ಮ ಅಂಗಡಿಯ ಮೂಲೆಯಲ್ಲಿ ಒಂದು ಹಳೆಯ ಗಾಜಿನ ತೊಟ್ಟಿ ಇತ್ತು. ಹಿಂದೊಮ್ಮೆ ಗಿರಾಕಿಗಳು ನೋಡಲೆಂದು ಅದರಲ್ಲಿ ಮೀನು ಬಿಟ್ಟಿದ್ದೆವು. ಆಮೇಲೆ ಬಾಬಿನ್ನು, ಕತ್ತರಿಸಿ ಉಳಿದ ಬಟ್ಟೆ ತುಂಬಿಡುವ ಡಬ್ಬವಾಗಿತ್ತು. ಅದನ್ನು ಮನೆಗೆ ತರಿಸಿ, ತೊಳೆದು, ಉಸುಕು ಹಾಕಿ, ಕಿಟಕಿಯ ಬಳಿ ಇಟ್ಟೆ. ಸಾಹೇಬರು ಕೊಟ್ಟ ಗಿಡ ಊರುವುದು ಮಾತ್ರ ನನ್ನ ಗಂಡನದೇ ಕೆಲಸ. ಮೊದಲ ದಿನ ಒಂದು ಕಡ್ಡಿ ಊರಲು ಬೆಳಗಿನ ಚಹಾದಿಂದ ಊಟದ ಹೊತ್ತಿನ ತನಕ ಹಿಡಿಯಿತು. ಚಿಮಟ ಜಾರುತ್ತಿತ್ತು, ಗಿಡ ತೇಲಿ ಮೇಲೆ ಬರುತ್ತಿತ್ತು, ಮತ್ತೆ ಹಿಡಿಯುತ್ತಿದ್ದರು. ನಾಲ್ಕನೆಯ ದಿನ ಎರಡು ಊರಿದರು. ಹನ್ನೊಂದು ದಿನಕ್ಕೆ ಹದಿನಾರು ಗಿಡಗಳು, ಸಾಲು ನೋಡಿದರೆ ಅಳತೆಯ ಟೇಪು ಹಿಡಿದು ಊರಿದಂತಿತ್ತು. ‘ಅಕ್ವೇರಿಯಂ’ ಎಂಬ ಶಬ್ದ ಅವರ ನಾಲಿಗೆಗೆ ಹೊರಳುತ್ತಿರಲಿಲ್ಲ. ಅದಕ್ಕೆ ಅವರು ಹೌದ ಎಂದರು. ನಮ್ಮ ಕಡೆ ಅಂಗಳದಲ್ಲಿ ನೀರು ತುಂಬಿಡುವ ಸಿಮೆಂಟಿನ ತೊಟ್ಟಿಗೆ ಹೌದ ಎನ್ನುತ್ತಾರೆ. ಅವರು ಅಂದದ್ದೇ ಆಯಿತು, ನಮ್ಮ ಮನೆಯಲ್ಲಿ ಕಿಟಕಿಯ ಗಾಜಿನ ತೊಟ್ಟಿಯೇ ಹೌದವಾಯಿತು. ‘ಹೌದದ ನೀರು ತಿಳಿ ಆಗ್ಯದ’, ‘ಹೌದದ ಮ್ಯಾಲ ಕೈ ಇಡಬ್ಯಾಡ್ರಿ’ ಎಂದು ನಾನೂ ಹೇಳಲು ಕಲಿತೆ.

ಅದೇ ವಾರ ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ, ಬಂತು. ಕೊಹಿನೂರದಲ್ಲಿ ನನ್ನ ತಮ್ಮನ ಹೊಲ. ಹೊಲಕ್ಕೆ ನೈವೇದ್ಯದ ಚರಗ ಚೆಲ್ಲಿ, ಕಾಳು-ಸೊಪ್ಪಿನ ಭಜ್ಜಿ, ಸಜ್ಜೆ ರೊಟ್ಟಿ ಉಂಡು ಎಲ್ಲರೂ ಜೋಳದ ಬದುವಿನ ಮೇಲೆ ಅಡ್ಡಾದಾಗ, ನನ್ನ ಗಂಡ ಕೋಲು ಊರಿಕೊಂಡು ಹಳ್ಳದ ಕಡೆ ನಡೆದರು. ನಾನು ಹಿಂದೆಯೇ ಓಡಿದೆ. ಮಳೆಗಾಲದ ನೀರು ಇಳಿದುಹೋಗಿ ದಂಡೆಯ ಉಸುಕು ಬಯಲಾಗಿತ್ತು. ಅದರಲ್ಲಿ ಒಂದು ಜಾಲಿ ಬೇರು ಸಿಕ್ಕಿಹಾಕಿಕೊಂಡಿತ್ತು. ತೊಗಟೆಯೆಲ್ಲ ತೊಳೆದುಹೋಗಿ, ಬೂದು ಬಣ್ಣಕ್ಕೆ ತಿರುಗಿ, ಮೂರು ಕವಲು ಒಂದರ ಮೇಲೊಂದು ತಿರುವಿಕೊಂಡು ನಯವಾಗಿತ್ತು. ಅವರು ಕೋಲಿನಿಂದ ಅದನ್ನು ಮುಟ್ಟಿ ತೋರಿಸಿದರು.

“ಹೌದಕ್ಕ,” ಎಂದರು. ಕೋಲಿನಿಂದ ಮತ್ತೊಮ್ಮೆ ತಟ್ಟಿ, “ಬೇಕು,” ಎಂದರು.

ಐದು ತಿಂಗಳಲ್ಲಿ ಅವರು ತಾವಾಗಿ ಕೇಳಿದ ಮೊದಲ ವಸ್ತು ಅದು. ಆ ಹೊತ್ತಿಗೆ ಅವರು ಇಡೀ ಜಾಲಿ ಮರ ಬೇಕೆಂದಿದ್ದರೂ ನಾನು ಬುಡಸಮೇತ ಕಿತ್ತುಕೊಂಡು ಬರುತ್ತಿದ್ದೆ. ಹೊಸ ಸೀರೆಯ ಸೆರಗು ಕಟ್ಟಿ ಉಸುಕಿನಿಂದ ಬೇರು ಎಳೆದೆ. ತಮ್ಮ ದೂರದಿಂದ ‘ಅಕ್ಕಾ, ಒಲಿಗೆ ಕಟಗಿ ನಾ ಕಳಸ್ತೀನಿ, ಅದನ್ಯಾಕ ಎಳಿಯಾಕತ್ತಿ?’ ಎಂದು ಕೂಗುತ್ತಿದ್ದ. ನಾನು ಕೇಳಿಸಿಕೊಳ್ಳದೆ, ಅಲ್ಲಿಂದಲೇ ಹುಮನಾಬಾದಿನ ಸಾಹೇಬರಿಗೆ ಫೋನು ಹಚ್ಚಿದೆ. ಗಿಡಗಳ ನಡುವೆ ಇಡಲು ಜಾಲಿ ಕಟಗಿ ಸಿಕ್ಕಿದೆ, ಏನು ಮಾಡಲಿ ಎಂದು ಕೇಳಿದೆ.

“ತೊಳದು ಹೌದಾಗ ಹಾಕ್ರಿ ಅಕ್ಕಾ,” ಎಂದರು. “ಹದಿನೈದು ದಿನ ಅದರ ಸುದ್ದಿಗೆ ಹೋಗಬ್ಯಾಡ್ರಿ.”

ಹಾಕಿದೆ. ಬೇರನ್ನು ಚೆನ್ನಾಗಿ ತಿಕ್ಕಿ ತೊಳೆದು, ಮಾರನೆಯ ದಿನ ಬೆಳಿಗ್ಗೆ ಗಾಜಿನ ಹೌದದ ನಡುವೆ, ಗಿಡಗಳ ಮಧ್ಯೆ ಒತ್ತಿ ಕೂಡಿಸಿದೆ. ಕೈ ತೆಗೆದದ್ದೇ ತಡ ಅದು ಮೇಲೆದ್ದಿತು. ಕವಲುಗಳು ಗಿಡಗಳ ಕೆಳಗೆ ಸಿಕ್ಕಿದ್ದವು. ಬೇರು ಏಳುವಾಗ ಆರೇಳು ಗಿಡಗಳನ್ನು ಕಿತ್ತುಕೊಂಡೇ ಎದ್ದಿತು. ನಾನು ಗಾಬರಿಯಾಗಿ ಅಡುಗೆಮನೆಯ ಗುಂಡುಕಲ್ಲು ತಂದು ಅದರ ಮೇಲೆ ಹೇರಿದೆ. ಕಲ್ಲು ಉರುಳಿ ಉಳಿದ ಸಾಲನ್ನೂ ನೆಲಸಮ ಮಾಡಿತು. ನನ್ನ ಗಂಡ ಕೈ ಚಾಚಿ ಬೇರು ತೆಗೆಯಲು ಬಂದರು. ನಾನೇ ತಡೆದೆ. ಹದಿನೈದು ದಿನ ಮುಟ್ಟಬಾರದಂತೆ, ಸಾಹೇಬರು ಹೇಳಿದ್ದಾರೆ ಎಂದೆ. ಮರುದಿನ ನೀರು ಹಾಲಿಲ್ಲದ ಚಹಾದ ಬಣ್ಣಕ್ಕೆ ತಿರುಗಿತು. ಅದರ ಮರುದಿನ ಒಳಗೆ ಏನಿದೆ ಎಂಬುದೇ ಕಾಣಿಸಲಿಲ್ಲ. ಆದರೂ ನಾನು ಮುಟ್ಟಲಿಲ್ಲ. ನನ್ನಂಥ ಹಟಮಾರಿಗೆ ಯಾರೂ ಇಂಥ ಮಾತು ಹೇಳಬಾರದು.

ಮೂರನೆಯ ದಿನ ಬೆಳಿಗ್ಗೆ ನನ್ನ ಗಂಡ ತಮ್ಮ ಕುರ್ಚಿಯನ್ನು ಕಿಟಕಿಯಿಂದ ಬಾಗಿಲ ಕಡೆಗೆ ತಿರುಗಿಸಿಕೊಂಡರು. ಬಲಗೈಯನ್ನು ಎಡಗೈಯಿಂದ ಎತ್ತಿ ಮಡಿಲಲ್ಲಿ ಇಟ್ಟುಕೊಂಡರು. ಚಿಮಟ ಕೊಟ್ಟೆ, ತೆಗೆದುಕೊಳ್ಳಲಿಲ್ಲ. ವ್ಯಾಯಾಮದ ರಬ್ಬರ್ ಚೆಂಡು ಕೊಟ್ಟು ಒತ್ತಿರಿ ಎಂದೆ. ‘ಹೂಂ’ ಎಂದರು, ಒತ್ತಲಿಲ್ಲ.

ನನ್ನ ಪಿತ್ತ ನೆತ್ತಿಗೇರಿತು. ಪಕ್ಕದ ಮನೆಯಾಕೆಗೆ ಸ್ವಲ್ಪ ನೋಡಿಕೊಳ್ಳಲು ಹೇಳಿ, ಸಾಹೇಬರ ಗಡ್ಡ ಹಿಡಿದು ಕೇಳಿಯೇ ಬರುತ್ತೇನೆಂದು ಹುಮನಾಬಾದಿನ ಬಸ್ಸು ಹತ್ತಿದೆ. ಬಂಗ್ಲಾ ಕ್ರಾಸ್ ದಾಟಿ, ರಾಜೇಶ್ವರ ಊರು ದಾಟಿದ ಮೇಲೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು. ಹಳ್ಳಿಖೇಡದ ಕಾರ್ಖಾನೆಗೆ ಹೊರಟವು, ಒಂದೊಂದಕ್ಕೂ ಎರಡೆರಡು ಟ್ರಾಲಿ. ಬಸ್ಸು ಅವುಗಳ ಹಿಂದೆ ತೆವಳಿತು. ನನ್ನ ಕೋಪ ಆರಲು ಬೇಕಾದಷ್ಟು ಸಮಯವಿತ್ತು. ನಾನು ಅದನ್ನು ಬೈಗುಳ ಜೋಡಿಸಿಕೊಳ್ಳಲು ಬಳಸಿದೆ.

ಅಂಗಡಿಯ ಮೆಟ್ಟಿಲ ಮೇಲೆ ನಿಂತೇ ಬಾಯಿಗೆ ಬಂದದ್ದನ್ನೆಲ್ಲ ಅಂದೆ. ರೋಗಿಯ ಹನ್ನೊಂದು ದಿನದ ದುಡಿಮೆ ಹಾಳು ಮಾಡಿದಿರಿ ಎಂದೆ. ನಿಮ್ಮ ಮಾತು ಕೇಳಿ ಹೌದದಲ್ಲಿ ಬೇರು ಹಾಕಿದ್ದೇ ನನ್ನ ತಪ್ಪು ಎಂದೆ. ಸಾಹೇಬರು ಪಾರಿವಾಳಕ್ಕೆ ಕಾಳು ಹಾಕುವುದನ್ನು ಬಿಟ್ಟು ಕಿವಿಯ ಹಿಂದೆ ಕೈ ಹಿಡಿದು ಪೂರ್ತಿ ಕೇಳಿದರು.

“ಹೌದಾಗ ಹಾಕಿದ್ರ ಗಿಡಾ ಹ್ಯಾಂಗ ಕಿತ್ತವ್ರಿ? ಹೌದಾಗ ಗಿಡಾ ಎಲ್ಲಿಂದ ಬಂದ್ವು?”

“ನೀವ ಕೊಟ್ಟೀರಲ್ರಿ ಗಿಡಾ!”

“ಅವು ಗಾಜಿನ ಪೆಟಗ್ಯಾಗ ಊರಾಕ ಕೊಟ್ಟಿದ್ದೆ. ಹೌದ ಅಂದ್ರ ಅಂಗಳದಾಗಿನ ಹೌದ ಅಕ್ಕಾ, ನೀರಿಂದು! ಕಟಗಿ ಅದರಾಗ ನೆನೀಬೇಕು, ರಸಾ ಬಿಡಬೇಕು, ಭಾರ ಆಗಬೇಕು. ಜಾಲಿಯಿಂದ ಚರ್ಮಾ ಹದಾ ಮಾಡ್ತಿದ್ರು ಹಿಂದಿನ ಮಂದಿ. ಅದು ಬಣ್ಣಾ ಬಿಡದ ಇರ್ತದೇನು? ಕಾಚಿನ ಪೆಟಗಿಗಿ ಯಾರ ಹೌದ ಅಂತಾರ್ರಿ?”

“ನಮ್ಮ ಮನ್ಯಾಗ ಅಂತೀವ್ರಿ,” ಎಂದೆ. ನನ್ನ ದನಿ ಅರ್ಧಕ್ಕೆ ಇಳಿದಿತ್ತು. ನನ್ನ ಗಂಡನಿಗೆ ಆ ಇಂಗ್ಲಿಷ್ ಹೆಸರು ಹೇಳಲು ಬರುತ್ತಿರಲಿಲ್ಲ, ಅದಕ್ಕೆ ಹಾಗೆ ಕರೆದರು, ಅದಕ್ಕೆ ನಾವೂ ಹಾಗೆ ಕರೆದೆವು ಎಂದು ಹೇಳುವಷ್ಟರಲ್ಲಿ ನನಗೆ ಅಳು ಬಂತು. ಜೋಡಿಸಿಕೊಂಡು ಬಂದ ಬೈಗುಳವೆಲ್ಲ ನನಗೇ ಸಲ್ಲಬೇಕಾಗಿತ್ತು.

ಸಾಹೇಬರು ಸ್ಟೂಲು ಸರಿಸಿ ಕೂಡಲು ಹೇಳಿದರು. ಚಹಾ ತರಿಸಿದರು. ಗಿಡಗಳು ಸತ್ತಿಲ್ಲ, ಬೇರು ಹೊರಗೆ ತೆಗೆದು ನೀರು ಬದಲಿಸಿದರೆ ಎಲ್ಲ ಹಸಿರಾಗಿಯೇ ಸಿಗುತ್ತವೆ ಎಂದರು. ಆ ಕಂದು ಬಣ್ಣದಲ್ಲಿ ವಿಷವೇನೂ ಇಲ್ಲ, ಕೆಲವು ಮೀನಿಗೆ ಅದೇ ಬೇಕು ಎಂದರು. ಬೇರನ್ನು ಕುದಿಸಿ, ಅಂಗಳದ ಹೌದದಲ್ಲಿ ಮುಳುಗಿಸಿಟ್ಟು, ನೀರು ಕೆಂಪಾದಾಗೆಲ್ಲ ಚೆಲ್ಲಬೇಕು. ಕಲ್ಲಿನ ಹೇರಿಕೆ ಇಲ್ಲದೆ ಅದು ತಾನಾಗಿ ತಳ ಹಿಡಿದ ದಿನ ಒಳಗೆ ತರಬೇಕು. ಆಮೇಲೆ ಒಂದು ತಟ್ಟೆಯಿಂದ ದಪ್ಪ ಎಲೆಗಳ ಗಿಡವೊಂದನ್ನು ಎತ್ತಿ ನೀರು ತುಂಬಿದ ಚೀಲಕ್ಕೆ ಹಾಕಿದರು.

“ಇದನ್ನ ಉಸುಕಿನ್ಯಾಗ ಊರೂದಲ್ಲ. ಕಟಗಿ ಮ್ಯಾಲ ಇಟ್ಟು ದಾರದಿಂದ ಕಟ್ಟಬೇಕು. ಹಿಡಕೊಳ್ಳೂ ತನಕ ದಾರ, ಆಮ್ಯಾಲ ತಾನ ಬೇರು ಬಿಟ್ಟು ಹಿಡಕೋತದ. ನಿಮ್ಮವರು ದರ್ಜಿ ಅದಾರಲ್ಲ, ಅವರಿಗೇನು ಹೇಳೂದು.”

ಮನೆಗೆ ಬಂದು ಗಂಡನ ಮುಂದೆ ಕೂತು ಇದ್ದದ್ದನ್ನು ಇದ್ದಂತೆ ಹೇಳಿದೆ. ತಪ್ಪೊಪ್ಪಿಕೊಳ್ಳುವುದು ನನಗೆ ಅಭ್ಯಾಸವಿಲ್ಲದ ಕೆಲಸ. ಅವರು ಪೂರ್ತಿ ಕೇಳಿ, ಕಿಟಕಿಯ ಕಡೆ ಬೆರಳು ತೋರಿಸಿ, “ಇದು ಹೌದ?” ಎಂದರು. ಅಂಗಳದ ಕಡೆ ತೋರಿಸಿ, “ಅದು... ಹೌದ?” ಎಂದರು. ಆಮೇಲೆ ನಕ್ಕರು. ಓರೆಯಾದ ಬಾಯಿಯಿಂದ ಜೊಲ್ಲು ಸುರಿಯುವ ತನಕ ನಕ್ಕರು. ನಾನೂ ನಕ್ಕೆ. ಎಲ್ಲವೂ ಸರಿಹೋಯಿತು ಎಂದುಕೊಂಡೆ.

ಸರಿಹೋಗಿರಲಿಲ್ಲ. ಬೇರು ತೆಗೆದು, ನೀರು ಬದಲಿಸಿ, ಗಿಡಗಳನ್ನು ತಟ್ಟೆಗೆ ಆರಿಸಿ ಚಿಮಟದ ಜೊತೆ ಮುಂದಿಟ್ಟರೆ ತಲೆ ಅಲ್ಲಾಡಿಸಿದರು. “ನೀನ ಹಚ್ಚು,” ಎಂದರು. ಮತ್ತೊಮ್ಮೆ ಹನ್ನೊಂದು ದಿನ ಊರುವ ಹುರುಪು ಅವರಲ್ಲಿ ಉಳಿದಿರಲಿಲ್ಲ. ನಾನೇ ಊರಿದೆ. ನನ್ನ ಫಾಲ್ ಹೇಗೋ ಗಿಡಗಳೂ ಹಾಗೆಯೇ, ಒಂದು ಅತ್ತ, ಒಂದು ಇತ್ತ. ಮುಗಿಸಿ ಅವರ ಮುಖ ನೋಡಿದೆ. ಒಂದು ಮಾತು ಬೈಯಲಿ ಎಂದು ಕಾದೆ.

“ಛಂದ ಆಗ್ಯದ,” ಎಂದರು.

ಇಪ್ಪತ್ತೇಳು ವರ್ಷದಲ್ಲಿ ನನ್ನ ಕೈಕೆಲಸವನ್ನು ಅವರು ಹೊಗಳಿದ್ದು ಅದೇ ಮೊದಲು. ಅಡುಗೆಮನೆಗೆ ಹೋಗಿ ಅತ್ತೆ.

ಬೇರಿನ ಕೆಲಸವನ್ನು ಮಾತ್ರ ನಾನು ಬಿಡಲಿಲ್ಲ. ಸ್ನಾನದ ಹಂಡೆಯಲ್ಲಿ ಅದನ್ನು ಮೂರು ಸಲ ಕುದಿಸಿದೆ. ಪ್ರತಿ ಸಲವೂ ನೀರು ಎಲೆಯಡಿಕೆಯ ಕಾಚು ಕದಡಿದಂತೆ ಕೆಂಪಾಗುತ್ತಿತ್ತು. ಆಮೇಲೆ ಅಂಗಳದ ಹೌದದಲ್ಲಿ ಕಲ್ಲು ಹೇರಿ ಮುಳುಗಿಸಿ, ಆ ನೀರನ್ನು ಪಾತ್ರೆ ತೊಳೆಯಲು ಬಳಸುವುದು ಬಿಟ್ಟು, ಕುಡಿಯುವ ನೀರಿನ ಕೊಡಗಳನ್ನೆಲ್ಲ ಒಳಗೆ ಸಾಲಾಗಿ ಇಟ್ಟುಕೊಂಡೆ. ಸಾಹೇಬರು ಹದಿನೈದು ದಿನ ಅಂದಿದ್ದರು. ಅದು ಹದಿನೈದಕ್ಕೂ ಮುಳುಗಲಿಲ್ಲ, ತಿಂಗಳಿಗೂ ಮುಳುಗಲಿಲ್ಲ. ಅದರ ಮೇಲೆ ಬಿಳಿ ಲೋಳೆ ಕಟ್ಟಿತು. ತೆಂಗಿನ ನಾರು ಹಿಡಿದು ತಿಕ್ಕಿದೆ. ದಿನಾ ಬೆಳಿಗ್ಗೆ ಕಲ್ಲು ಎತ್ತುತ್ತಿದ್ದೆ, ದಿನಾ ಅದು ಹೇಗೋ ತಲೆ ಎತ್ತಿ ಮೇಲೆ ಬರುತ್ತಿತ್ತು. ‘ಮುಳುಗು, ನಿನ್ನ ಮನಿ ಹಾಳಾಗ’ ಎಂದು ಬೈಯುತ್ತಿದ್ದೆ. ಬಾಗಿಲಲ್ಲಿ ಕೂತ ನನ್ನ ಗಂಡ ನೋಡುತ್ತಿದ್ದರು. ಕೆಲವು ದಿನಗಳಾದ ಮೇಲೆ ನಾನು ಕಲ್ಲು ಎತ್ತುವ ಹೊತ್ತಿಗೆ ಅವರೇ ಕೋಲು ಊರಿ ಹೌದದ ತನಕ ಬಂದು ನಿಲ್ಲತೊಡಗಿದರು.

ಶಿವರಾತ್ರಿಯ ಮರುದಿನ ಕಲ್ಲು ಎತ್ತಿದೆ. ಬೇರು ಒಂದು ಸಲ ಅಲ್ಲಾಡಿತು. ಮೇಲೆ ಬರಲಿಲ್ಲ. ನಾವಿಬ್ಬರೂ ಹೌದದೊಳಗೆ ಬಗ್ಗಿ ನೋಡಿದೆವು. ಅದು ತಳದಲ್ಲಿ ತನ್ನ ಮೂರು ಕವಲಿನ ಮೇಲೆ ಗಟ್ಟಿಯಾಗಿ ಕೂತಿತ್ತು.

“ಕುಂತತು,” ಎಂದರು ನನ್ನ ಗಂಡ.

ಒಳಗೆ ಚಾಪೆಯ ಮೇಲೆ ಗೋಣಿಚೀಲ ಹಾಸಿ ಬೇರು ಇಟ್ಟೆ. ಗಾಜಿನ ಹೌದದಲ್ಲಿ ಇಷ್ಟು ದಿನ ತೇಲಿಬಿಟ್ಟಿದ್ದ ಆ ದಪ್ಪ ಎಲೆಯ ಗಿಡ ತಂದೆ. ಮನೆಯಲ್ಲಿದ್ದ ಬಿಳಿ ದಾರ ತೆಗೆದುಕೊಂಡು, ಗಿಡವನ್ನು ಕವಲಿಗೆ ಒತ್ತಿ, ನಾಲ್ಕು ಸುತ್ತು ಸುತ್ತಿ, ಬಿಚ್ಚದಿರಲಿ ಎಂದು ಗಂಟಿನ ಮೇಲೆ ಗಂಟು ಹಾಕಿದೆ.

“ಏ! ಏನು ದನಾ ಕಟ್ಟಾಕತ್ತೀಯೇನು?”

ನಾನು ತಲೆ ಎತ್ತಿದೆ. ಅವರ ಮುಖ ಕೆಂಪಾಗಿತ್ತು. ಕುರ್ಚಿಯಿಂದ ಜಾರಿದಂತೆ ಚಾಪೆಗೆ ಇಳಿದರು, ಎಡಗೈಯಿಂದ ನನ್ನ ದಾರ ಕಿತ್ತು ನನ್ನ ಮಡಿಲಿಗೆ ಎಸೆದರು.

“ಬಿಳಿ ದಾರ! ಹಸಿರು ಗಿಡಕ್ಕ ಬಿಳಿ ದಾರ! ಕಣ್ಣ ಕಾಣಂಗಿಲ್ಲೇನು ನಿನಗ? ಎದ್ದು... ಎದ್ದು ಕಾಣ್ತದ. ಹಸಿರು ತಾ!”

ಹಸಿರು ದಾರ ಅಂಗಡಿಯಲ್ಲಿತ್ತು. ಏಳು ತಿಂಗಳ ಮೇಲೆ ನನ್ನನ್ನು ಬೈದಿದ್ದರು. ನನಗೆ ಹಬ್ಬ ಮಾಡಿದಷ್ಟು ಖುಷಿಯಾಯಿತು. ಚಪ್ಪಲಿ ತಿರುವುಮುರುವು ಹಾಕಿಕೊಂಡು, ಕೀಲಿ ಹಿಡಿದು ಪೇಟೆಗೆ ಹೊರಟೆ. ಶಟರು ತುಕ್ಕು ಹಿಡಿದು ಬಿಗಿಯಾಗಿತ್ತು. ಎದುರಿನ ಅಂಗಡಿಯವರೊಬ್ಬರು ಬಂದು ಕೈ ಹಚ್ಚಿದ ಮೇಲೆ ಎದ್ದಿತು. ನನ್ನ ಗಂಡನ ಮಶೀನಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದೆ. ದಾರಗಳ ಡಬ್ಬಿಯಲ್ಲಿ ಹಸಿರೇ ಏಳೆಂಟು ಬಗೆ. ಎಲೆಯ ಬಣ್ಣ ನೆನೆಸಿಕೊಂಡು, ಒಂದಲ್ಲದಿದ್ದರೆ ಇನ್ನೊಂದು ಇರಲಿ ಎಂದು ಮೂರು ಉಂಡೆ ಆರಿಸಿದೆ. ತಿರುಗಿದರೆ ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಬ್ಲೌಸಿನ ಬಟ್ಟೆ ಹಿಡಿದು ನಿಂತಿದ್ದಳು.

“ಅಂಗಡಿ ತೆಗದ್ರೇನ್ರಿ? ನಮ್ಮ ಹುಡುಗಿ ಲಗ್ನ ಅದ. ಎರಡ ಸಲ ಬಂದು ಕೀಲಿ ನೋಡಿ ಹೋದ್ನಿ.”

ಇಲ್ಲ ಎನ್ನಲು ಬಾಯಿ ತೆರೆದೆ, ಬಂದ ಮಾತೇ ಬೇರೆ. “ಅಳತಿ ಬ್ಲೌಸ್ ತಂದೀರೇನ್ರಿ?” ಎಂದು ಕೇಳಿದೆ.

ಮನೆಗೆ ಬರುವ ಹೊತ್ತಿಗೆ ಅರ್ಧ ಗಂಟೆಗೂ ಮೇಲಾಗಿತ್ತು. ಅವರು ಚಾಪೆಯ ಮೇಲೆ ಹಾಗೆಯೇ ಕೂತಿದ್ದರು. ಎಡಗೈಯಿಂದ ಬೇರು ಹಿಡಿದಿದ್ದರು. ಗಿಡವನ್ನು ಕವಲಿಗೆ ಒತ್ತಿ ಹಿಡಿದದ್ದು ಬಲಗೈಯ ಹೆಬ್ಬೆರಳು. ನಡುವೆ ಬಿಟ್ಟು ಮತ್ತೆ ಹಿಡಿದಿದ್ದರೋ ಏನೋ, ನನಗೆ ಗೊತ್ತಿಲ್ಲ, ನಾನು ಕೇಳಲೂ ಇಲ್ಲ. ಹೆಬ್ಬೆರಳು ಸಣ್ಣಗೆ ನಡುಗುತ್ತಿತ್ತು, ಆದರೆ ಗಿಡ ಜಾರಿರಲಿಲ್ಲ.

“ಇಷ್ಟೊತ್ತು ಏನ ಮಾಡಿದಿ?”

“ಗಿರಾಕಿ ಬಂದಿದ್ರು, ಲಗ್ನದ ಬ್ಲೌಸ್ ಅದ,” ಎಂದೆ.

ಅವರು ಮೂರು ದಾರಗಳನ್ನೂ ಎಲೆಯ ಪಕ್ಕದಲ್ಲಿ ಹಿಡಿದು ನೋಡಿ, ಒಂದನ್ನು ಉಳಿಸಿಕೊಂಡು ಎರಡನ್ನು ಪಕ್ಕಕ್ಕೆ ಸರಿಸಿದರು. ಮೊದಲ ಸುತ್ತು ಜಾರಿತು. ಎರಡನೆಯದೂ ಜಾರಿತು. ನಾನು ಕೈ ಚಾಚಿದೆ, ಮೊಣಕೈಯಿಂದ ದೂಡಿದರು. ಮೂರನೆಯ ಸಲ ಸುತ್ತು ಕೂತಿತು, ಅದರ ಮೇಲೆ ಇನ್ನೊಂದು. ಗಂಟು ಕಟ್ಟಲು ಬಹಳ ಹೊತ್ತು ಹಿಡಿಯಿತು. ಕೊನೆಗೆ ಬೇರಿನ ಮೇಲೆ ಬಗ್ಗಿ ದಾರವನ್ನು ಹಲ್ಲಿನಿಂದ ಕಡಿದರು. ತಲೆ ಎತ್ತದೆಯೇ ಕೇಳಿದರು:

“ಯಾವಾಗ ಕೊಡ್ತೀವಂತ ಹೇಳಿದಿ?”